ಡ್ರಮ್ಮಿನ ಮೇಲೆ ಇಟ್ಟ ದೀಪ

ಹಂಪಿಗೆ ಹೋಗುವ ದಾರಿಯಲ್ಲಿರುವ ಒಂದು ರೆಸಾರ್ಟಿನಲ್ಲಿ ನಾನು ಪಂಪ್ ಆಪರೇಟರ್. ಮೋಟಾರು, ಫಿಲ್ಟರು, ಈಜುಕೊಳದ ನೀರು ತಿಳಿಯಾಗಿಡುವ ಔಷಧಿಗಳು, ಇಷ್ಟೇ ನನ್ನ ಪ್ರಪಂಚ. ಅದಕ್ಕೆ ಮುಂಚೆ ಸಂಡೂರಿನ ಗುಡ್ಡದ ಮೇಲೆ ಒಂದು ಗಣಿಯಲ್ಲಿದ್ದೆ. ಗಣಿ ನಿಂತಾಗ ಗುಡ್ಡ ಇಳಿದು ಹೊಸಪೇಟೆಗೆ ಬಂದೆ. ಅಲ್ಲಿಯ ಕೆಂಪು ಧೂಳು ಎರಡೇ ತಿಂಗಳಲ್ಲಿ ಬಟ್ಟೆ ಬಿಟ್ಟಿತು, ಅಲ್ಲಿ ಕಲಿತ ಗತ್ತು ಮಾತ್ರ ಬಿಡಲಿಲ್ಲ. ಗಣಿಯಲ್ಲಿ ದಿನಾ ಬೆಳಿಗ್ಗೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಸುರಕ್ಷತೆಯ ಪಾಠ ಹೇಳುತ್ತಿದ್ದರು. ಉಳಿದವರು ಆಕಳಿಸುತ್ತ ಕೇಳಿದ್ದನ್ನು ನಾನು ತಲೆಗೆ ಹಚ್ಚಿಕೊಂಡೆ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ. ಮನೆಯಲ್ಲಿ ಹೆಂಡತಿ ಗ್ಯಾಸ್ ಹಚ್ಚುವಾಗಲೂ ಹಿಂದೆ ನಿಂತು ಏನಾದರೊಂದು ಹೇಳದಿದ್ದರೆ ನನಗೆ ಸಮಾಧಾನವಿರಲಿಲ್ಲ. ನಿಮಗೆ ಅಡುಗೆಮನೆಯ ಕೆಲಸವೇ ಕೊಡಬೇಕಿತ್ತು, ನಾನು ಗಣಿಗೆ ಹೋಗುತ್ತಿದ್ದೆ ಎಂದು ಅವಳು ಅನ್ನುತ್ತಿದ್ದಳು.

ರೆಸಾರ್ಟಿನಲ್ಲಿ ನನ್ನ ಗತ್ತಿಗೆ ತಕ್ಕ ವಸ್ತುವೊಂದು ಸಿಕ್ಕಿತು. ಬ್ಲೀಚಿಂಗ್ ಪೌಡರ್ ಎಲ್ಲರಿಗೂ ಗೊತ್ತು, ಪಂಚಾಯಿತಿಯವರು ಚರಂಡಿ ಪಕ್ಕ ಚೆಲ್ಲಿ ಹೋಗುವ ಬಿಳಿ ಪುಡಿ. ಈಜುಕೊಳಕ್ಕೆ ಹಾಕುವ ಕ್ಲೋರಿನ್ನೂ ಅದೇ ಮನೆತನದ್ದು, ಆದರೆ ಎರಡು ಪಟ್ಟು ಸಿಟ್ಟಿನದು. ನೋಡಲು ಕಲ್ಲುಸಕ್ಕರೆಯನ್ನು ಒರಟಾಗಿ ಕುಟ್ಟಿದ ಹಾಗೆ ಬೆಳ್ಳಗೆ, ಪಾಪದ್ದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬರುತ್ತದೆ, ಮುಚ್ಚಳದ ಮೇಲೆ ಬಿಗಿಯುವ ಒಂದು ಬಳೆ ಇರುತ್ತದೆ. ಕ್ಲೋರಿನ್ ತೆಗೆಯುವ ಡಬ್ಬಿ ಒಣಗಿರಬೇಕು. ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಕ್ಲೋರಿನ್. ಹಿಂದುಮುಂದಾದರೆ ಮುಖಕ್ಕೆ ಸಿಡಿಯುತ್ತದೆ. ಆಸಿಡ್ ಕ್ಯಾನು ಅದರ ಕೋಣೆಯಲ್ಲೇ ಇರಬಾರದು. ಎಣ್ಣೆ, ತುಪ್ಪ, ಡೀಸೆಲ್, ಸಕ್ಕರೆ, ಕಟ್ಟಿಗೆ ಹೊಟ್ಟು, ಇವು ಯಾವುವೂ ತಾಗಬಾರದು. ಎಣ್ಣೆ ತಾಗಿತೆಂದರೆ ಕಡ್ಡಿ ಗೀರಬೇಕಾಗಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ಹೊತ್ತಿಕೊಳ್ಳುತ್ತದೆ.

ಇದನ್ನೆಲ್ಲ ನಾನು ಒಂದು ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದು ಪಂಪ್ ರೂಮಿನ ಬಾಗಿಲಿಗೆ ಹಾಕಿದ್ದೆ. ನನ್ನ ಅಕ್ಷರ ದುಂಡಗಿದೆ. ಬಂದವರು ಹೊಗಳುತ್ತಿದ್ದರು. ಮ್ಯಾನೇಜರು ಅದರ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದ್ದರು, ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಆದರೆ ಆ ಡ್ರಮ್ಮಿಗೆ ದಿನಾ ಕೈ ಹಾಕುತ್ತಿದ್ದವಳಿಗೆ ಓದಲು ಬರುತ್ತಿರಲಿಲ್ಲ.

ಅವಳು ನನ್ನ ಜೊತೆ ಕೆಲಸಕ್ಕಿದ್ದ ಹೆಂಗಸು. ಕಂಪ್ಲಿ ಕಡೆಯವಳು, ಎಮ್ಮಿಗನೂರಿನ ಹತ್ತಿರದ ಹಳ್ಳಿ. ಬೆಳಿಗ್ಗೆ ಕಂಪ್ಲಿ ಬಸ್ಸಿನಲ್ಲಿ ಬಂದು ಗೇಟಿನ ಮುಂದೆ ಇಳಿಯುತ್ತಿದ್ದಳು. ಕೊಳದ ಕಸ ತೆಗೆಯುವುದು, ಸುತ್ತಲ ಕಲ್ಲು ತೊಳೆಯುವುದು, ಸಂಜೆ ನಾನು ಹೇಳಿದಷ್ಟು ಕ್ಲೋರಿನ್ ಅಳೆದು ನೀರಿನಲ್ಲಿ ಕರಗಿಸಿ ಕೊಳಕ್ಕೆ ಸುರಿಯುವುದು ಅವಳ ಕೆಲಸ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಅಣ್ಣಾರ ಅನ್ನುತ್ತಿದ್ದಳು. ಹೀಗಾಗಿ ಇಬ್ಬರೂ ಒಬ್ಬರಿಗೊಬ್ಬರು ದೊಡ್ಡವರಾಗಿದ್ದೆವು. ಭತ್ತದ ನಾಟಿ ಶುರುವಾಯಿತೆಂದರೆ ಎಂಟು ದಿನ ರಜೆ ಕೇಳುತ್ತಿದ್ದಳು. ಸಾಲಿನ ತುದಿಗೆ ಅವಳೇ ನಿಲ್ಲಬೇಕಂತೆ, ಅವಳ ಕೈಯ ವೇಗಕ್ಕೆ ಉಳಿದವರು ಓಡಬೇಕಂತೆ. ಇದನ್ನು ಅವಳು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಒಂದು ಸಲ ಬೋರ್ಡಿನ ಮುಂದೆ ನಿಂತು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ನಾನು ವಾಲ್ವ್ ಬಿಚ್ಚುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲಿಯೇ ಇರುತ್ತದೆ. ನಾನು ಹೇಳಿದಷ್ಟು ಮಾಡು, ಅಷ್ಟು ಸಾಕು ಎಂದೆ. ಅವಳು ಹಾಗೆಯೇ ಮಾಡಿದಳು. ಒಣ ಡಬ್ಬಿ, ಕೈಗವಸು, ಮೂಗಿಗೆ ಮಾಸ್ಕು, ಮೊದಲು ನೀರು, ಎಲ್ಲವನ್ನೂ ನಾನು ಕಾಣದಿದ್ದಾಗಲೂ ತಪ್ಪದೆ ಮಾಡುತ್ತಿದ್ದಳು. ಯಾಕೆ ಎಂಬುದನ್ನು ನಾನು ಯಾವತ್ತೂ ಹೇಳಲಿಲ್ಲ. ಹೇಳಲು ಅರ್ಧ ಗಂಟೆ ಸಾಕಾಗಿತ್ತು.

ಆಯುಧ ಪೂಜೆಯ ದಿನ ಎಲ್ಲ ಕಡೆಯಂತೆ ನಮ್ಮಲ್ಲೂ ಎಲ್ಲದಕ್ಕೂ ಪೂಜೆ. ಅಡುಗೆಯವರ ಚಾಕು, ಮ್ಯಾನೇಜರ ಜೀಪು, ತೋಟದವರ ಗುದ್ದಲಿ, ನನ್ನ ಮೋಟಾರು. ಪಂಪ್ ರೂಮಿನ ನೆಲ ತೊಳೆದು ಹೊಸ್ತಿಲಿಗೆ ರಂಗೋಲಿ ಹಾಕಿದ್ದು ಅಕ್ಕನೇ. ಮೋಟಾರಿಗೆ, ಪ್ಯಾನೆಲ್ಲಿಗೆ, ಫಿಲ್ಟರಿಗೆ ವಿಭೂತಿ ಎಳೆದು ಕುಂಕುಮ ಹಚ್ಚಿ ಚೆಂಡುಹೂ ಏರಿಸಿದೆವು. ಸ್ಪ್ಯಾನರುಗಳನ್ನೆಲ್ಲ ಸ್ಟ್ಯಾಂಡಿನ ಮೇಲೆ ಸಾಲಾಗಿ ಜೋಡಿಸಿದ್ದೆ. ಮಂಗಳಾರತಿಗೆ ಎಲ್ಲರೂ ಸೇರಿದ್ದರು. ಆಗ ಅಕ್ಕ ಮೂಲೆಯ ಡ್ರಮ್ಮನ್ನು ತೋರಿಸಿದಳು.

"ಎಲ್ಲಾಕೂ ಪೂಜೆ ಆತು ಅಣ್ಣಾರ. ನಾ ದಿನಾ ಕೈ ಹಾಕೋದು ಇದರಾಗ. ಇದಕ್ಕೊಂದು ಹೂವರ ಬ್ಯಾಡೇನ್ರಿ?"

ಬೇಡ ಎಂದೆ. ಅವಳ ಮುಖ ಸಣ್ಣದಾಯಿತು. ಅಡುಗೆಯವನೊಬ್ಬ, ಗಣಿ ಸಾಹೇಬರು ದೇವರಿಗೂ ಹೆಲ್ಮೆಟ್ ಹಾಕಿಸುತ್ತಾರೆ ಎಂದ. ಎಲ್ಲರೂ ನಕ್ಕರು, ಮ್ಯಾನೇಜರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಬೇರೆಯವರಿಗೆ ಹೆದರದವನು ನಾನು, ಆದರೆ ನಗುವಿಗೆ ಹೆದರುತ್ತೇನೆ. ಸರಿ, ಹೊರಗಿನಿಂದ ಹೂವಷ್ಟೇ ಇಡು ಎಂದೆ. ಅಕ್ಕ ಡ್ರಮ್ಮಿನ ಹೊಟ್ಟೆಗೆ ಮೂರು ಬೆರಳಿನ ವಿಭೂತಿ ಎಳೆದು ಬುಡಕ್ಕೆ ಒಂದು ಹೂ ಇಟ್ಟು ಕೈಮುಗಿದಳು. ಅಲ್ಲಿಗೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ.

ನಿಲ್ಲಿಸದವನು ನಾನು. ನಕ್ಕವರ ಮುಂದೆ ನಾನೂ ಭಕ್ತ ಎಂದು ತೋರಿಸಬೇಕಿತ್ತು. ಮೋಟಾರಿನ ಮುಂದಿದ್ದ ಹಣತೆಯನ್ನು ಕೈಗೆತ್ತಿಕೊಂಡು ಡ್ರಮ್ಮಿಗೂ ಮೂರು ಸುತ್ತು ಬೆಳಗಿದೆ. ಇಡಲು ಜಾಗ ನೋಡಿದೆ. ನೆಲ ಒದ್ದೆ, ಸ್ಟ್ಯಾಂಡಿನ ತುಂಬ ಸ್ಪ್ಯಾನರು. ಡ್ರಮ್ಮಿನ ಮುಚ್ಚಳದ ಮೇಲೆ ಇಟ್ಟೆ. ಇಡುವಾಗಲೇ ಕಂಡಿತು, ಮುಚ್ಚಳದ ಬಳೆ ಬಿಗಿದಿರಲಿಲ್ಲ. ಪುಡಿ ಎಷ್ಟು ಉಳಿದಿದೆ ಎಂದು ನೋಡಲು ಬೆಳಿಗ್ಗೆ ತೆರೆದವನು ನಾನೇ. ಒಂದು ನಿಮಿಷದ ಮಾತು, ಆಮೇಲೆ ಇಳಿಸೋಣ ಅಂದುಕೊಂಡೆ. ಅಷ್ಟರಲ್ಲಿ ಯಾರೋ ಶಾಸ್ತ್ರಕ್ಕೆಂದು ಮೋಟಾರು ಚಾಲೂ ಮಾಡಿದರು. ಗೇಟಿನ ಹತ್ತಿರ ಬೂದುಗುಂಬಳ ಒಡೆಯುತ್ತಾರೆ, ಫೋಟೋಕ್ಕೆ ಬನ್ನಿ ಎಂದು ಮ್ಯಾನೇಜರು ಕರೆದರು. ಎಲ್ಲರೂ ಹೋದೆವು.

ಆ ಫೋಟೋ ಈಗಲೂ ರಿಸೆಪ್ಷನ್ನಿನ ಗೋಡೆಯ ಮೇಲಿದೆ. ಮುಂದಿನ ಸಾಲಿನಲ್ಲಿ ಹಣೆ ತುಂಬ ಕುಂಕುಮ ಇಟ್ಟುಕೊಂಡು ನಗುತ್ತಿರುವವನು ನಾನು. ಅಕ್ಕ ಹಿಂದೆ, ಅರ್ಧ ಮುಖ ಮಾತ್ರ ಕಾಣುತ್ತದೆ. ಫೋಟೋ ಮುಗಿದ ಮೇಲೆ ನನಗೆ ದೀಪದ ನೆನಪಾಯಿತು. ನಾನೇ ಹೋಗಬಹುದಿತ್ತು. ಬಾಯಲ್ಲಿ ಪ್ರಸಾದವಿತ್ತು. ಅಕ್ಕ, ಆ ದೀಪ ಇಳಿಸಿ ಬಾ ಎಂದೆ.

ಅವಳು ಒಳಗೆ ಹೋದಾಗ ಡ್ರಮ್ಮಿನ ಅಂಚಿನಲ್ಲಿ ಉರಿ ಎದ್ದಿತ್ತಂತೆ. ಮೋಟಾರಿನ ನಡುಕಕ್ಕೆ ಹಣತೆ ಸರಿದು ಎಣ್ಣೆ ಮುಚ್ಚಳದ ಸಂದಿಯಿಂದ ಒಳಗೆ ಇಳಿದಿರಬೇಕು. ಉರಿ ಕಂಡರೆ ಯಾರಾದರೂ ಮಾಡುವುದನ್ನೇ ಅವಳು ಮಾಡಿದಳು. ಪೂಜೆಯ ಚೊಂಬಿನಲ್ಲಿದ್ದ ನೀರನ್ನು ಅದರ ಮೇಲೆ ಸುರಿದಳು. ಒಂದು ಚೊಂಬು ನೀರು ಅದನ್ನು ಆರಿಸುವುದಿಲ್ಲ, ಕೆರಳಿಸುತ್ತದೆ. ದೂರ ನಿಂತು ಧಾರಾಳ ನೀರು ಹೊಡೆಯುವ ಅಗ್ನಿಶಾಮಕದವರಿಗೆ ಅದನ್ನು ಬಿಟ್ಟು, ಉಸಿರು ಬಿಗಿಹಿಡಿದು ಹೊರಗೆ ಓಡಬೇಕು. ಇದು ನನ್ನ ಬೋರ್ಡಿನ ಕೊನೆಯ ಸಾಲು.

ಒಗ್ಗರಣೆಯ ಸಾಸಿವೆ ಸಿಡಿದಂತೆ ಸದ್ದು ಬಂತು, ಹಿಂದೆಯೇ ಬಾಗಿಲಿನಿಂದ ಹೊಗೆ. ಅಕ್ಕ ಗೋಡೆ ಸವರುತ್ತ ಹೊರಗೆ ಬಂದು ರಂಗೋಲಿಯ ಮೇಲೆ ಕುಸಿದಳು. ಆಮೇಲಿನದನ್ನೆಲ್ಲ ನಾನು ತಪ್ಪಿಲ್ಲದೆ ಮಾಡಿದೆ. ಗಾಳಿ ಬರುವ ದಿಕ್ಕಿಗೆ ಅವಳನ್ನು ಎಳೆದುಕೊಂಡು ಹೋದೆ, ಕಣ್ಣಿಗೆ ತುಂಬ ಹೊತ್ತು ನೀರು ಹಾಕಿದೆ, ಯಾರನ್ನೂ ಒಳಗೆ ಬಿಡಲಿಲ್ಲ, ಅಗ್ನಿಶಾಮಕದವರಿಗೆ ಫೋನು ಮಾಡಿಸಿದೆ. ಹೊಸಪೇಟೆಯ ಆಸ್ಪತ್ರೆಯ ಡಾಕ್ಟರು, ಸರಿಯಾಗಿ ಮಾಡಿದ್ದೀರಿ, ಇಲ್ಲದಿದ್ದರೆ ಉಳಿಯುತ್ತಿರಲಿಲ್ಲ ಎಂದು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಮರುದಿನ ಬನ್ನಿ ಹಬ್ಬ. ರೆಸಾರ್ಟಿನಲ್ಲಿ ಎಲ್ಲರಿಗೂ ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದು ಕೈಮುಗಿದೆ. ಅಕ್ಕನಿಗೂ ಒಂದಿಷ್ಟು ಎಲೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಹೋದೆ. ಮೂಗು ಬಾಯಿಗೆ ಆಕ್ಸಿಜನ್ ಹಾಕಿದ್ದರು, ಮಾತಾಡುವಂತಿರಲಿಲ್ಲ. ಕೆಂಪಾದ ಕಣ್ಣು ತೆರೆದು ನನ್ನನ್ನೇ ನೋಡಿದಳು. ಎಲೆ ತೆಗೆಯಲು ಕೈ ಏಳಲಿಲ್ಲ. ಎರಡು ನಿಮಿಷ ನಿಂತು ಹೊರಗೆ ಬಂದೆ.

ಮೂರನೆಯ ದಿನ ಮ್ಯಾನೇಜರು ನನ್ನನ್ನು ಆಫೀಸಿಗೆ ಕರೆದರು. ಮುಂದೆ ಬಿಳಿ ಹಾಳೆ, ಕೈಯಲ್ಲಿ ಪೆನ್ನು. ಅವರು ಕೇಳಿದ್ದು ನೇರ ಪ್ರಶ್ನೆ, ಡ್ರಮ್ಮಿನ ಮೇಲೆ ದೀಪ ಇಟ್ಟವರು ಯಾರು?

"ಡ್ರಮ್ಮಿನ ಪೂಜಿ ಅಕ್ಕಾರು ಮಾಡಿದ್ರಿ ಸರ," ಎಂದೆ.

ಅದರಲ್ಲಿ ಒಂದು ಪದವೂ ಸುಳ್ಳಲ್ಲ. ವಿಭೂತಿ ಎಳೆದದ್ದು ಅವಳೇ, ಹೂ ಇಟ್ಟದ್ದು ಅವಳೇ. ಮ್ಯಾನೇಜರು ಬರೆದುಕೊಂಡರು. ಬೇರೆ ಯಾರನ್ನೂ ಕೇಳಲಿಲ್ಲ, ಕೇಳಿದ್ದರೆ ಯಾರು ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಆ ಗದ್ದಲದಲ್ಲಿ ನಾನು ಇಟ್ಟದ್ದನ್ನು ನೋಡಿದವರು ಇರಬಹುದು, ಅವರೂ ಬಾಯಿಗೆ ಬೀಗ ಹಾಕಿಕೊಂಡರು. ಅಕ್ಕ ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಇನ್ನು ಕೆಲಸಕ್ಕೆ ಬರುವುದು ಬೇಡ ಎಂದು ಹೇಳಿ ಕಳಿಸಿದರು. ಹೇಗಿದ್ದರೂ ಡಾಕ್ಟರು ಅವಳಿಗೆ ಕ್ಲೋರಿನ್ ಹತ್ತಿರ ಹೋಗಬೇಡ ಅಂದಿದ್ದಾರಲ್ಲ, ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಊರಿನ ಕಡೆ ಮುಖ ಹಾಕಲಿಲ್ಲ. ಕಂಪ್ಲಿ ಬಸ್ಸು ಗೇಟಿನ ಮುಂದೆ ನಿಲ್ಲುವ ಹೊತ್ತಿಗೆ ಪಂಪ್ ರೂಮಿನೊಳಗೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಇಷ್ಟೇ ಆಗಿದ್ದರೆ ಹೇಡಿತನ ಅಂದುಕೊಂಡು ಹೇಗೋ ಇದ್ದುಬಿಡುತ್ತಿದ್ದೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಹೊಸಬರು ಕೆಲಸಕ್ಕೆ ಬಂದಾಗ ಸುರಕ್ಷತೆಯ ಪಾಠ ಹೇಳುವುದು ನನ್ನ ಪಾಲಿಗೆ ಬಂತು. ಆಗಿನಿಂದ ಪ್ರತಿ ನಿಯಮಕ್ಕೂ ಯಾಕೆ ಎಂಬುದನ್ನೂ ಹೇಳುತ್ತಿದ್ದೆ, ಬೋರ್ಡನ್ನು ಓದಿ ತೋರಿಸುತ್ತಿದ್ದೆ. ಕೊನೆಗೆ ಒಂದು ಉದಾಹರಣೆ ಇದ್ದರೆ ತಲೆಗೆ ಹತ್ತುತ್ತದೆ ಎಂದು, ಹಿಂದೆ ಇಲ್ಲೊಬ್ಬಳಿದ್ದಳು, ಏನೂ ತಿಳಿಯದೆ ಡ್ರಮ್ಮಿನ ಮೇಲೆ ದೀಪ ಇಟ್ಟಳು ಎಂದು ಶುರುಮಾಡುತ್ತಿದ್ದೆ. ಜನ ಬಾಯಿ ತೆರೆದು ಕೇಳುತ್ತಿದ್ದರು. ಎಷ್ಟು ಸಲ ಹೇಳಿದೆನೆಂದರೆ, ಹೇಳುವಾಗ ಹಣತೆ ಹಿಡಿದ ಅವಳ ಕೈ ನನ್ನ ಕಣ್ಣಿಗೆ ಕಾಣತೊಡಗಿತ್ತು.

ಮೂರು ವರ್ಷದ ಮೇಲೆ ಕೊಳದ ಕೆಲಸಕ್ಕೆ ಮತ್ತೊಬ್ಬ ಹೆಂಗಸು ಬಂದಳು, ಎರಡು ಮಕ್ಕಳ ತಾಯಿ. ಅವಳೂ ಕಂಪ್ಲಿ ಬಸ್ಸಿನವಳೇ. ಪಾಠ ಹೇಳಿದೆ, ಉದಾಹರಣೆಯನ್ನೂ ಹೇಳಿದೆ. ಅವಳು ಸುಮ್ಮನೆ ಕೇಳಿ, ಆಕೆ ನಮ್ಮ ಓಣಿಯವಳು ಎಂದಳು. ಆಕೆ ಏನು ಹೇಳುತ್ತಾಳೆ ಎಂದು ಕೇಳಿದೆ.

"ಆಕಿ ಏನೂ ಹೇಳಂಗಿಲ್ರಿ. ಇಲ್ಲಿಗೆ ಕೆಲಸಕ್ಕ ಹೊಂಟೀನಿ ಅಂದ್ರ, ಎಲ್ಲಾದಕ್ಕೂ ಯಾಕ ಅಂತ ಕೇಳು, ಕೇಳದಾ ಏನೂ ಮಾಡಬ್ಯಾಡ ಅಂದ್ಲು."

ಆ ವಾರದ ರಜೆಯ ದಿನ ಹೋದೆ. ಬಸ್ಸು ಇಳಿದು ಕೇಳಿದರೆ, ಗದ್ದೆಯಲ್ಲಿದ್ದಾಳೆ ಎಂದರು. ನಾಟಿ ನಡೆದಿತ್ತು. ಹೆಂಗಸರ ಸಾಲು ಕೆಸರಿನಲ್ಲಿ ಬಾಗಿ ಹಿಂದೆ ಹಿಂದೆ ಸರಿಯುತ್ತಿತ್ತು. ನಾನು ಸಾಲಿನ ತುದಿಯಲ್ಲಿ ಹುಡುಕಿದೆ, ಮಧ್ಯದಲ್ಲಿ ಹುಡುಕಿದೆ, ಕಾಣಲಿಲ್ಲ. ಬದುವಿನ ಮೇಲೆ ಕೂತು ಸಸಿಯ ಕಟ್ಟು ಕಟ್ಟುತ್ತಿದ್ದಳು. ಬಾಗಿದರೆ ಉಸಿರು ಸಿಗುವುದಿಲ್ಲವಂತೆ. ಒಲೆಯ ಹೊಗೆಯೂ ಆಗುವುದಿಲ್ಲ, ಅಡುಗೆ ಸೊಸೆಯದು. ಇದನ್ನೆಲ್ಲ ದೂರಿನಂತೆ ಹೇಳಲಿಲ್ಲ, ನಾನು ಕೇಳಿದ್ದಕ್ಕೆ ಹೇಳಿದಳು. ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದಳು. ಉಸಿರು ಎಳೆದಾಗ ಎದೆಯೊಳಗೆ ಸಿಳ್ಳೆಯಂತೆ ಸದ್ದು.

"ಬರ್ರಿ ಅಣ್ಣಾರ, ಕುಂದ್ರಿ," ಎಂದು ಪಕ್ಕದ ಸಸಿಯನ್ನು ಸರಿಸಿ ಜಾಗ ಮಾಡಿದಳು.

ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಬಿಟ್ಟೆ. ದೀಪ ಇಟ್ಟವನು ನಾನು, ಮ್ಯಾನೇಜರ ಮುಂದೆ ಹೇಳಲಿಲ್ಲ, ನಿನ್ನ ಮೇಲೆ ಹಾಕಿದೆ ಎಂದಷ್ಟೇ ಹೇಳಿದೆ. ಅವಳು ಕಟ್ಟುವ ಕೈ ನಿಲ್ಲಿಸಲಿಲ್ಲ.

"ನೀವು ಇಟ್ಟಿದ್ದು ನಾ ನೋಡೀನಲ್ರಿ. ಆಸ್ಪತ್ರ್ಯಾಗ ದಿನಾ ಬಾಗಲಾ ನೋಡ್ತಿದ್ದೆ. ಅಣ್ಣಾರು ಹೇಳಿರ್ತಾರ, ಈಗ ಬರ್ತಾರ ಅಂತ."

ಹಾಗಾದರೆ ನೀನೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ಅಷ್ಟು ಮಾಡಿದ ಮೇಲೂ ಸ್ವಲ್ಪ ತಪ್ಪು ಅವಳ ಕಡೆ ಸರಿಯಲಿ ಎಂಬ ಆಸೆ ನನಗೆ.

"ನಾ ಹೇಳಿದ್ರ ನಂಬ್ತಿದ್ರೇನ್ರಿ? ಬೋರ್ಡ್ ಬರದಾವ್ರು ನೀವು," ಎಂದಳು. ಉಸಿರು ತೆಗೆದುಕೊಂಡು ಕೇಳಿದಳು, "ಎಣ್ಣಿ ತಾಗಿದ್ರ ಉರೀತೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

ಗೊತ್ತಿತ್ತು ಎಂದೆ. ನೀರು ಹಾಕಿದರೆ ಹೊಗೆ ಏಳುತ್ತದೆ ಎಂಬುದೂ ಗೊತ್ತಿತ್ತೇ ಎಂದಳು. ಅದೂ ಗೊತ್ತಿತ್ತು. ಮುಂದೆ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು, ಬೈದಿದ್ದರೆ ಇನ್ನೂ ಒಳ್ಳೆಯದಿತ್ತು. ಗದ್ದೆಯಿಂದ ಯಾರೋ ಸಸಿ ಎಂದು ಕೂಗಿದರು. ಅವಳು ಕೂತಲ್ಲಿಂದಲೇ ಒಂದು ಕಟ್ಟನ್ನು ಎಸೆದಳು, ಅದು ಅರ್ಧ ದಾರಿಗೇ ಬಿತ್ತು. ನಾನು ಎದ್ದು ತೆಗೆದುಕೊಟ್ಟೆ.

ಹೊರಡುವಾಗ, ನನಗೆ ಹೇಳಿದಿರಿ, ಒಳ್ಳೆಯದಾಯಿತು, ಇನ್ನು ಅಲ್ಲಿ ಹೇಳಿ ಎಂದಳು. ಸೊಸೆಯ ಫೋನ್ ನಂಬರು ಕೊಟ್ಟಳು.

ಮರುದಿನವೇ ಆಫೀಸಿಗೆ ಹೋದೆ. ಹಳೆಯ ಮ್ಯಾನೇಜರು ಬೇರೆ ಊರಿಗೆ ಹೋಗಿ ವರ್ಷವಾಗಿತ್ತು. ಹೊಸಬರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು. ಯಾವ ಹೆಂಗಸು, ಯಾವ ಬೆಂಕಿ ಎಂದರು. ಬೀರುವಿನಲ್ಲಿ ಫೈಲು ಹುಡುಕಿಸಿದರು, ಸಿಗಲಿಲ್ಲ. ಹಳೆಯ ವಿಷಯ, ಬಿಡಿ ಎಂದರು. ನನ್ನ ಕೆಲಸ ಹೋಗಬಹುದು ಎಂದು ರಾತ್ರಿಯಿಡೀ ಹೆಂಡತಿಯ ಮುಂದೆ ಗೋಳಾಡಿದ್ದೆ. ಎರಡು ನಿಮಿಷದಲ್ಲಿ ಹೊರಗಿದ್ದೆ, ಒಂದು ಕೂದಲೂ ಕೊಂಕಲಿಲ್ಲ. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿಲ್ಲ. ಆ ದಿನ ಹೇಳಿದ್ದರೆ ಒಬ್ಬಳ ಕೆಲಸ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ಈಗ ಹೇಳಿದ್ದರಿಂದ ಏನೂ ಉಳಿಯಲಿಲ್ಲ.

ಪಂಪ್ ರೂಮಿಗೆ ಬಂದು ಹೊಸ ಹೆಂಗಸನ್ನು ಕರೆದು, ಅವತ್ತು ನಾನು ಹೇಳಿದ ಉದಾಹರಣೆ ಸುಳ್ಳು, ಇಟ್ಟವನು ನಾನು ಎಂದೆ. ಅವಳು ನನ್ನ ಮುಖ ನೋಡಿ, ಗೊತ್ತಾಯಿತು ಎಂಬಂತೆ ತಲೆ ಆಡಿಸಿ ಬಕೆಟ್ಟು ತೆಗೆದುಕೊಂಡು ಹೋದಳು. ಆಮೇಲೆ ಫೋನು ಮಾಡಿದೆ. ಸೊಸೆ ಅಕ್ಕನ ಕೈಗೆ ಕೊಟ್ಟಳು.

"ಹೇಳಿದ್ರೇನ್ರಿ?"

"ಹೇಳಿದೆ ಅಕ್ಕ."

"ಏನಂದ್ರು?"

"ಹಳೇದು, ಬಿಡ್ರಿ ಅಂದ್ರು."

ಆ ಸಿಳ್ಳೆಯಂಥ ಉಸಿರು ಎಳೆದುಕೊಂಡಳು.

"ಅವರು ಬಿಟ್ರ ಬಿಡ್ಲಿ. ನೀವು ಬಿಡಬ್ಯಾಡ್ರಿ ಅಣ್ಣಾರ," ಎಂದಳು.

ಮತ್ತೇನೋ ಹೇಳಲು ಹೋದಳು, ಕೆಮ್ಮು ಹತ್ತಿತು. ಅದು ನಿಲ್ಲಲಿ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೇ ನಿಂತಿದ್ದೆ. ನಿಲ್ಲಲಿಲ್ಲ. ಕೊನೆಗೆ ಸೊಸೆ ಫೋನು ಇಸಿದುಕೊಂಡು ಕಟ್ ಮಾಡಿದಳು.